ಸರ್ವರ್ ಇಲ್ಲದ ಊಟ

ಕೂಳೂರು ಸೇತುವೆಯ ಈಚೆ ದಡದಲ್ಲಿ ಹೆದ್ದಾರಿಗೆ ಮುಖ ಮಾಡಿ ನಿಂತಿರುವ ಹೋಟೆಲ್ ಶಶಿಪ್ರಭಾದ ಮಾಲೀಕರು ಚಿತ್ತರಂಜನ ಶೆಟ್ಟರು. ಐವತ್ತೆಂಟು ವರ್ಷದ ಬದುಕಿನಲ್ಲಿ ಅವರ ಬಾಯಿಂದ ‘ನನಗೆ ಗೊತ್ತಿಲ್ಲ’ ಎಂಬ ಮಾತು ಬಂದದ್ದನ್ನು ಕೇಳಿದವರಿಲ್ಲ. ದಾರಿ ವಿಚಾರಿಸಿದ ಲಾರಿ ಡ್ರೈವರುಗಳಿಗೆ ಅವರು ತಾವು ಕಂಡಿಲ್ಲದ ಊರಿಗೂ ದಾರಿ ಹೇಳುತ್ತಿದ್ದರು. ಹಾಗೆ ಹೊರಟವರಲ್ಲಿ ಕೆಲವರು ಒಂದು ಗಂಟೆಯ ಬಳಿಕ ಅದೇ ಹೋಟೆಲಿನ ಮುಂದೆ ಮತ್ತೆ ಪ್ರತ್ಯಕ್ಷರಾಗಿ, ಹಸಿವಾಗಿದ್ದರಿಂದ ಇನ್ನೊಂದು ಊಟ ಮಾಡಿ ಹೋಗುತ್ತಿದ್ದರು. ಹೀಗಾಗಿ ಶೆಟ್ಟರ ಸರ್ವಜ್ಞತ್ವದಿಂದ ವ್ಯಾಪಾರಕ್ಕೆ ತೊಂದರೆಯೇನೂ ಆಗಿರಲಿಲ್ಲ.

ಇನ್ನೊಂದು ವಿಷಯವನ್ನು ಮೊದಲೇ ಹೇಳಿಬಿಡಬೇಕು. ಮಂಗಳೂರಿನ ಹೆಚ್ಚಿನ ಹೋಟೆಲುಗಳಲ್ಲಿ ಬಡಿಸುವವರನ್ನು ಸಪ್ಲಾಯರ್ ಎಂದು ಕರೆಯುವುದು ವಾಡಿಕೆ. ಶೆಟ್ಟರು ಮಾತ್ರ ಹರೆಯದಲ್ಲಿ ಎರಡು ವರ್ಷ ಮುಂಬಯಿಯಲ್ಲಿ ಇದ್ದು ಬಂದವರು. ಸಪ್ಲಾಯರ್ ಎಂಬ ಶಬ್ದ ಅವರಿಗೆ ತೀರಾ ಸಾಮಾನ್ಯ ಎನಿಸಿತು. ಆದ್ದರಿಂದ ಹೋಟೆಲ್ ಶಶಿಪ್ರಭಾದಲ್ಲಿ ಬಡಿಸುವ ನಾಲ್ವರೂ ಮೊದಲ ದಿನದಿಂದಲೇ ‘ಸರ್ವರ್’ಗಳಾಗಿದ್ದರು. ಮುಂದೆ ನಡೆದ ಅನಾಹುತಕ್ಕೆ ಈ ಒಂದು ಶೋಕಿಯೇ ಮೂಲ.

ಆ ನಾಲ್ವರಲ್ಲಿ ಹಿರಿಯರು ಜೆರೋಮ್. ಹೋಟೆಲು ಶುರುವಾದ ದಿನ ಸೇರಿದವರು, ಇಪ್ಪತ್ತೇಳು ವರ್ಷವಾಗಿತ್ತು. ಎಡಗೈಯ ಉದ್ದಕ್ಕೂ ಐದು ತಟ್ಟೆ ಜೋಡಿಸಿಕೊಂಡು, ಬಲಗೈಯಲ್ಲಿ ಕಾಯಿ ಅರೆದ ಗಟ್ಟಿ ಗಸಿಯ ಪಾತ್ರೆ ಹಿಡಿದು ಅವರು ಮೇಜುಗಳ ನಡುವೆ ಬರುವುದೆಂದರೆ ತೆಪ್ಪದ ಮೇಲೆ ದೇವರು ಬಂದ ಹಾಗೆ. ಯಾವ ಗಿರಾಕಿಗೆ ಬಂಗುಡೆ ಮೀನಿನ ತಲೆ ಇಷ್ಟ, ಯಾರಿಗೆ ಬಾಲ ಇಷ್ಟ ಎಂಬುದೆಲ್ಲ ಅವರಿಗೆ ಬಾಯಿಪಾಠ. ಆದರೆ ಕಳೆದ ಗುರುವಾರ ಒದ್ದೆ ನೆಲದಲ್ಲಿ ಕಾಲು ಜಾರಿ ಮೂರು ಊಟದ ಸಮೇತ ಬಿದ್ದುಬಿಟ್ಟಿದ್ದರು. ‘ಎಂತ ಇಲ್ಲ, ಎಂತ ಇಲ್ಲ’ ಎನ್ನುತ್ತ ಎದ್ದರೂ, ಅರುವತ್ತರ ಹತ್ತಿರ ಬಂದ ಮನುಷ್ಯನಿಗೆ ಸೊಂಟಕ್ಕಿಂತ ಮನಸ್ಸಿಗೆ ಪೆಟ್ಟಾಗಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಹಾಶಿಂ ಎಂಬ ಮೇಷ್ಟ್ರು ಊಟಕ್ಕೆ ಬಂದರು. ಅವರು ಊರ ಹೊರಗಿನ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವವರು. ಬುಧವಾರ ಅವರ ಕಾಲೇಜಿನಲ್ಲಿ ‘ಪೀರ್ ಟು ಪೀರ್ ನೆಟ್‌ವರ್ಕ್’ ಎಂಬ ಕಾರ್ಯಾಗಾರವಿತ್ತು. ಉದ್ಘಾಟನೆಗೆ ಬರಬೇಕಾದ ದೊಡ್ಡ ಮನುಷ್ಯರು ಕೊನೆಗಳಿಗೆಯಲ್ಲಿ ಕೈಕೊಟ್ಟಿದ್ದರು. ಮಧ್ಯಾಹ್ನ ಅರುವತ್ತು ಜನರ ಊಟಕ್ಕೆ ಹೇಗೂ ಶೆಟ್ಟರ ಹೋಟೆಲೇ ನಿಗದಿಯಾಗಿತ್ತು. ಶೆಟ್ಟರನ್ನೇ ಮುಖ್ಯ ಅತಿಥಿ ಮಾಡಿದರೆ ಬಂಗುಡೆಯ ಗಾತ್ರ ಸ್ವಲ್ಪ ಹೆಚ್ಚಬಹುದೆಂದು ಹಾಶಿಂ ಮೇಷ್ಟ್ರು ಲೆಕ್ಕ ಹಾಕಿದ್ದರು.

“ಶೆಟ್ರೇ, ನೀವು ಉದ್ಘಾಟನೆ ಮಾಡ್ಬೇಕು. ಎರಡು ಮಾತು ಆಡಿದ್ರೆ ಸಾಕು. ನಿಮಗೆ ಪೀರ್ ಟು ಪೀರ್ ಬಗ್ಗೆ ಸ್ವಲ್ಪ...”

“ಸ್ವಲ್ಪ ಎಂತ,” ಎಂದರು ಶೆಟ್ಟರು. “ಅದರಲ್ಲಿಯೇ ಇದ್ದೇನೆ.”

ಅದು ಏನು, ತಾವು ಅದರ ಒಳಗಿದ್ದೇವೋ ಹೊರಗಿದ್ದೇವೋ ಎಂದು ತಿಳಿಯಲು ಅವರು ಆ ಸಂಜೆ ಮಗಳು ಸಂಚಿತಾಳ ಮುಂದೆ ಬಿಲ್ ಪುಸ್ತಕ ಮತ್ತು ಪೆನ್ನು ಹಿಡಿದು ಕೂತರು. ಸಂಚಿತಾ ಕಂಪ್ಯೂಟರ್ ವಿಜ್ಞಾನದ ಎಂ.ಎಸ್ಸಿ. ಓದುತ್ತಿದ್ದಳು. ಹೆಂಡತಿ ಶಶಿಪ್ರಭಾ ಪಕ್ಕದಲ್ಲಿ ಬಸಳೆಯ ದಂಟು ತುಂಡು ಮಾಡುತ್ತಿದ್ದರು.

“ಪೇರ್ ಟು ಪೇರ್ ಅಂತೆ,” ಎಂದು ಶೆಟ್ಟರು ಗಂಭೀರವಾಗಿ ಆರಂಭಿಸಿದರು.

“ಹಾಲಿನ ಸೊಸೈಟಿಯಾ?” ಎಂದು ಶಶಿಪ್ರಭಾ ಕೇಳಿದರು. ತುಳುವಿನಲ್ಲಿ ಪೇರ್ ಎಂದರೆ ಹಾಲು. “ನೀವು ಯಾಕೆ ಅದಕ್ಕೆ? ನಮ್ಮಲ್ಲಿ ದನವೇ ಇಲ್ಲ.”

“ಪೇರ್ ಅಲ್ಲ, ಪೀರ್,” ಎಂದಳು ಸಂಚಿತಾ. “ಸರೀಕರು ಅಂತ ಅರ್ಥ. ಪಪ್ಪ, ಕೇಳಿ. ಸಾಧಾರಣ ನೆಟ್‌ವರ್ಕ್ ಅಂದ್ರೆ ನಮ್ಮ ಹೋಟೆಲ್ ಇದ್ದ ಹಾಗೆ. ಒಂದು ದೊಡ್ಡ ಕಂಪ್ಯೂಟರ್ ಉಂಟು, ಅದಕ್ಕೆ ಸರ್ವರ್ ಅಂತ ಹೆಸರು. ಎಲ್ಲರೂ ಅದರ ಹತ್ತಿರ ಕೇಳ್ತಾರೆ, ಅದು ಎಲ್ಲರಿಗೂ ತಂದು ಕೊಡ್ತದೆ. ಸಾವಿರ ಜನ ಒಟ್ಟಿಗೆ ಕೇಳಿದ್ರೆ ಅದಕ್ಕೆ ಆಗುದಿಲ್ಲ, ಬಿದ್ದುಹೋಗ್ತದೆ. ಆಗ ಎಲ್ಲರಿಗೂ ಉಪವಾಸ. ಪೀರ್ ಟು ಪೀರ್‌ನಲ್ಲಿ ಅಂಥ ಸರ್ವರೇ ಬೇಡ. ಎಲ್ಲ ಕಂಪ್ಯೂಟರ್‌ಗಳೂ ಸಮ. ಕೇಳುವುದೂ ಅವೇ, ಕೊಡುವುದೂ ಅವೇ.”

ಶೆಟ್ಟರು ‘ಸರ್ವರ್ ಬೇಡ’ ಎಂದು ಬರೆದು ಅಡಿಗೆರೆ ಎಳೆದರು.

“ಇದು ಶುರುವಾದದ್ದು ನಾನು ಹುಟ್ಟುವ ಮೊದಲು,” ಎಂದು ಸಂಚಿತಾ ಮುಂದುವರಿಸಿದಳು. “ಜನ ಹಾಡುಗಳನ್ನು ಒಬ್ಬರ ಕಂಪ್ಯೂಟರಿನಿಂದ ಒಬ್ಬರು ನೇರ ತಗೊಳ್ಳುತ್ತಿದ್ದರು. ಆದ್ರೆ ಯಾವ ಹಾಡು ಯಾರ ಹತ್ತಿರ ಉಂಟು ಅನ್ನುವ ಪಟ್ಟಿ ಮಾತ್ರ ಒಂದೇ ಕಡೆ ಇತ್ತು. ಹಾಡಿನ ಕಂಪನಿಯವರು ಕೋರ್ಟಿಗೆ ಹೋದ್ರು, ಪಟ್ಟಿ ಮುಚ್ಚಿಸಿದ್ರು, ಎಲ್ಲ ನಿಂತಿತು. ಆಮೇಲೆ ಬಂದವರು ಪಟ್ಟಿಯೇ ಇಡ್ಲಿಲ್ಲ. ಪಕ್ಕದವನ ಹತ್ತಿರ ಕೇಳುದು, ಅವ ಅವನ ಪಕ್ಕದವನ ಹತ್ತಿರ ಕೇಳುದು. ಅದರಲ್ಲಿ ಗಲಾಟೆಯೇ ಜಾಸ್ತಿ ಆಯ್ತು. ಮತ್ತೆ ದೊಡ್ಡ ಫೈಲನ್ನು ತುಂಡು ತುಂಡು ಮಾಡಿ ಹಂಚುವ ಉಪಾಯ ಬಂತು. ನನ್ನ ಹತ್ತಿರ ಒಂದು ತುಂಡು, ನಿಮ್ಮ ಹತ್ತಿರ ಒಂದು ತುಂಡು, ಕೊಟ್ಟು ತಗೊಂಡು ಎಲ್ಲರದ್ದೂ ಪೂರ್ತಿ ಆಗ್ತದೆ. ಪಟ್ಟಿಯನ್ನೂ ತುಂಡು ಮಾಡಿ ಎಲ್ಲರಿಗೂ ಹಂಚಿದ್ರು. ಈಗ ಅದನ್ನು ನಿಲ್ಲಿಸ್ಲಿಕ್ಕೆ ಯಾರಿಂದಲೂ ಆಗುದಿಲ್ಲ.”

“ಇದೆಲ್ಲ ನನಗೆ ಅಂದಾಜಿತ್ತು,” ಎಂದು ಶೆಟ್ಟರು ಪುಸ್ತಕ ಮುಚ್ಚಿದರು.

ಮರುದಿನ ಮಧ್ಯಾಹ್ನ ಮೂರು ಗಂಟೆಗೆ ಹೋಟೆಲು ಖಾಲಿಯಾದ ಮೇಲೆ ಅವರು ಕೈ ತೊಳೆಯುವಲ್ಲಿನ ಕನ್ನಡಿಯ ಮುಂದೆ ನಿಂತು ಭಾಷಣದ ಅಭ್ಯಾಸಕ್ಕೆ ತೊಡಗಿದರು. ಗೋಡೆಯ ಆಚೆ ಜೆರೋಮ್ ತಟ್ಟೆ ಒರೆಸುತ್ತಿದ್ದುದು ಅವರಿಗೆ ತಿಳಿಯಲಿಲ್ಲ.

“ಮಾನ್ಯರೇ, ಸರ್ವರುಗಳ ಕಾಲ ಮುಗಿಯಿತು,” ಎಂದು ಅವರು ಕನ್ನಡಿಗೆ ಹೇಳಿದರು. “ಒಂದು ಸರ್ವರನ್ನು ನಂಬಿ ಎಷ್ಟು ವರ್ಷ ಕೂರುವುದು? ಹಳತಾದ ಹಾಗೆ ಅದರ ವೇಗ ಕಡಿಮೆಯಾಗುತ್ತದೆ. ಒಂದು ದಿನ ಅದು ಬಿದ್ದೇ ಬೀಳುತ್ತದೆ. ಬಿದ್ದರೆ ಎಬ್ಬಿಸಲು ನಾಲ್ಕು ಜನ ಬೇಕು. ಅಷ್ಟರಲ್ಲಿ ಹೊರಗೆ ಸಾವಿರ ಮಂದಿ ಕಾದಿರುತ್ತಾರೆ. ಆದ್ದರಿಂದ ನಾನು ಹೇಳುವುದಿಷ್ಟೇ, ಅದನ್ನು ಕಿತ್ತು ಬಿಸಾಡಿ.”

ಗೋಡೆಯ ಆಚೆ ತಟ್ಟೆಯೊಂದು ನೆಲಕ್ಕೆ ಬಿದ್ದು ಬಹಳ ಹೊತ್ತು ತಿರುಗಿತು. ಬೆಕ್ಕಿರಬೇಕೆಂದು ಶೆಟ್ಟರು ಅಭ್ಯಾಸ ಮುಂದುವರಿಸಿದರು.

ಜೆರೋಮ್ ಹಿತ್ತಿಲಿಗೆ ಹೋಗಿ ಅಕ್ಕಿಮುಡಿಯ ಮೇಲೆ ಕೂತರು. ಎರಡನೆಯ ಸರ್ವರ್ ರಾಝಿಕ್ ಬಂದು ಏನಾಯಿತೆಂದು ಕೇಳಿದ.

“ನಮ್ಮನ್ನು ತೆಗೀತಾರೆ, ರಾಝಿಕ್.”

“ಯಾರು ಹೇಳಿದ್ದು?”

“ಧಣಿಗಳೇ. ಕನ್ನಡಿ ಎದುರು. ತೆಗೆದ್ರೆ ತೆಗೀಲಿ ಮಾರಾಯ, ಪ್ರಾಯ ಆಯ್ತು. ಆದ್ರೆ ನನ್ನನ್ನು ‘ಅದು’ ಅಂತ ಹೇಳಿದ್ರು. ಒಮ್ಮೆ ಅಲ್ಲ, ಮೂರು ಸಲ.”

ಕೆಲಸ ಕಳೆಯುವುದನ್ನು ಮನುಷ್ಯ ಸಹಿಸಬಹುದು. ಇಪ್ಪತ್ತೇಳು ವರ್ಷದ ಬಳಿಕ ನಪುಂಸಕಲಿಂಗಕ್ಕೆ ಇಳಿಯುವುದನ್ನು ಯಾವ ವ್ಯಾಕರಣ ತಾನೇ ಸಹಿಸೀತು? ನೇರ ಶೆಟ್ಟರನ್ನೇ ಕೇಳಿ ಎಂದು ರಾಝಿಕ್ ಹೇಳಿದ. ಆದರೆ ಜೆರೋಮ್ ಗಿರಾಕಿಗಳ ಹತ್ತಿರವಲ್ಲದೆ ಬೇರೆ ಯಾರ ಹತ್ತಿರವೂ ‘ಎಂತ?’ ಎಂದು ಕೇಳಿದವರಲ್ಲ. ಅವರು ಕೇಳಲಿಲ್ಲ. ಬದಲಿಗೆ ಪಕ್ಕದ ಜಿನಸಿ ಅಂಗಡಿಯ ಮೂಸಬ್ಬ ಬ್ಯಾರಿಗೆ ವಿಷಯ ಹೇಳಿದರು. ಮೂಸಬ್ಬ ಶೆಟ್ಟರ ಹಳೆಯ ಸ್ನೇಹಿತ, ದಿನಾ ಹನ್ನೊಂದು ಗಂಟೆಗೆ ಬಂದು ಗಲ್ಲಾದ ಪಕ್ಕದಲ್ಲಿ ಚಹಾ ಕುಡಿಯುವವರು. ಮರುದಿನ ಚಹಾದ ಜೊತೆಗೆ ಮಾತು ತೆಗೆದರು.

“ಶೆಟ್ರೇ, ಸರ್ವರ್ ಎಲ್ಲ ಇನ್ನು ಬೇಡ ಅಂತ ಹೇಳ್ತಾ ಇದ್ದೀರಂತೆ?”

ತಮ್ಮ ಭಾಷಣದ ಕೀರ್ತಿ ಆಗಲೇ ಜಿನಸಿ ಅಂಗಡಿಯ ತನಕ ಹಬ್ಬಿದ್ದು ಕಂಡು ಶೆಟ್ಟರು ಅರಳಿದರು. “ಹೌದು ಬ್ಯಾರಿಗಳೇ. ಅಮೆರಿಕದಲ್ಲಿ ಇಪ್ಪತ್ತೈದು ವರ್ಷದ ಹಿಂದೆಯೇ ಶುರು ಮಾಡಿದ್ದಾರೆ. ನಾವೇ ಹಿಂದೆ.”

“ಆದ್ರೂ ಇಷ್ಟು ವರ್ಷ ದುಡಿದದ್ದಲ್ವಾ?”

“ದುಡಿದದ್ದು ಹೌದು. ಆದ್ರೆ ಖರ್ಚು ನೋಡಿ. ಹಗಲೂ ರಾತ್ರಿ ಅದಕ್ಕೆ ತಂಪು ಬೇಕು, ಏಸಿ ರೂಮಿನಲ್ಲಿ ಇಡ್ಬೇಕು. ಇಲ್ಲದಿದ್ರೆ ತಲೆ ಬಿಸಿ ಆಗಿ ನಿಂತುಬಿಡ್ತದೆ.”

ಜೆರೋಮ್ ಏಸಿ ಕೇಳಿದ್ದು ಮೂಸಬ್ಬರಿಗೆ ಹೊಸ ವಿಷಯ. “ತೆಗೆದ ಮೇಲೆ ಎಂತ ಮಾಡ್ತೀರಿ? ಏನಾದ್ರೂ ವ್ಯವಸ್ಥೆ...”

“ಎಂತ ವ್ಯವಸ್ಥೆ? ಗುಜರಿಗೆ. ತೂಕಕ್ಕೆ ತಗೊಳ್ತಾರೆ.”

ಮೂಸಬ್ಬ ಚಹಾವನ್ನು ಅರ್ಧಕ್ಕೆ ಬಿಟ್ಟು ಎದ್ದರು. ನಲುವತ್ತು ವರ್ಷದ ವ್ಯಾಪಾರದಲ್ಲಿ ಅವರು ಹಲವು ಬಗೆಯ ಕಠಿಣ ಹೃದಯಗಳನ್ನು ಕಂಡಿದ್ದರು, ಆದರೆ ಆಳುಗಳನ್ನು ತಕ್ಕಡಿಗೆ ಹಾಕುವವರನ್ನು ಕಂಡಿರಲಿಲ್ಲ. ಹಿತ್ತಿಲಿಗೆ ಹೋಗಿ, “ಪೊರ್ಬುಗಳೇ, ವಿಷಯ ನೀವು ಎಣಿಸಿದ್ದಕ್ಕಿಂತ ಜೋರುಂಟು,” ಎಂದು ಜೆರೋಮರಿಗೆ ಎಲ್ಲವನ್ನೂ ವರದಿ ಮಾಡಿದರು. ಕ್ರೈಸ್ತರನ್ನು ಗೌರವದಿಂದ ಪೊರ್ಬುಗಳೆಂದು ಕರೆಯುವುದು ಊರಿನ ವಾಡಿಕೆ.

“ತೂಕಕ್ಕಾ?” ಎಂದ ರಾಝಿಕ್. ಅವನು ನಾಲ್ವರಲ್ಲಿ ಸಣಕಲ. ಅವಮಾನ ಅವನಿಗೇ ಹೆಚ್ಚಾಯಿತು.

ಸುದ್ದಿ ಸಂಜೆಯೊಳಗೆ ಕೂಳೂರು ದಾಟಿತು. ಮೂಸಬ್ಬರ ಹೆಂಡತಿ ಬೀಫಾತಿಮ್ಮ ಜೆರೋಮರ ಮನೆಗೆ ಒಂದು ಡಬ್ಬಿ ತುಂಬ ಅಕ್ಕಿರೊಟ್ಟಿಯಂಥ ಪತ್ತಿರ್ ಮತ್ತು ಕೋಳಿಸಾರು ಕಳುಹಿಸಿ, ಇನ್ನು ಒಲೆ ಉರಿಯುವುದು ಕಷ್ಟವಿರಬಹುದು, ಪಾತ್ರೆ ನಿಧಾನಕ್ಕೆ ವಾಪಸು ಕೊಡಿ ಎಂದು ಹೇಳಿಸಿದರು. ಜೆರೋಮರ ಬಾವಮೈದ ಫ್ಲೋಯ್ಡ್ ಮೂವತ್ತು ವರ್ಷ ಯೂನಿಯನ್ನಿನಲ್ಲಿ ಭಾಷಣ ಮಾಡಿ ನಿವೃತ್ತನಾಗಿ, ಹೋರಾಟಕ್ಕೆ ವಿಷಯ ಸಿಗದೆ ಸೊರಗಿದ್ದವನು. ಆ ಕೋಳಿಸಾರನ್ನು ಉಣ್ಣುತ್ತಲೇ ಕಾರ್ಮಿಕ ಇಲಾಖೆಗೆ ಮೂರು ಪುಟದ ದೂರು ಬರೆದು ಕಳುಹಿಸಿದ. ಅವನ ಮುಖದಲ್ಲಿ ಕಳೆ ಬಂದದ್ದನ್ನು ಕಂಡು ಅವನ ಹೆಂಡತಿ ಶೆಟ್ಟರಿಗೆ ಮನಸ್ಸಿನಲ್ಲೇ ಉಪಕಾರ ಸ್ಮರಿಸಿದಳು.

ಹೋಟೆಲಿನಲ್ಲಿ ಸರ್ವರುಗಳು ಮೌನವಾದದ್ದು ಶೆಟ್ಟರ ಗಮನಕ್ಕೆ ಬಾರದೆ ಹೋಗಲಿಲ್ಲ. ಧಣಿ ಮುಖ್ಯ ಅತಿಥಿಯಾದ ಮೇಲೆ ಸಲಿಗೆಯಿಂದ ಮಾತಾಡಲು ಅವರಿಗೆ ಸಂಕೋಚವಾಗಿರಬೇಕೆಂದು ಅವರು ತಿಳಿದರು. ಪಾಪ, ಒಳ್ಳೆಯವರು ಎಂದುಕೊಂಡರು.

ಬುಧವಾರ ಬಂತು. ಶೆಟ್ಟರು ಬಿಳಿ ಪಂಚೆ, ಬಿಳಿ ಅಂಗಿ ತೊಟ್ಟು ವೇದಿಕೆಯಲ್ಲಿ ಕೂತರು. ಅವರಿಗೆ ಒಂದು ಜರಿಯ ಶಾಲು, ಒಂದು ಗಂಧದ ಹಾರ, ಒಂದು ಹಣ್ಣಿನ ಬುಟ್ಟಿ ಸಂದಾಯವಾದವು. ಎದ್ದು ಮೈಕಿನ ಮುಂದೆ ನಿಂತು ನೋಡಿದರೆ ಮುಂದಿನ ಸಾಲಿನಲ್ಲಿ ಜೆರೋಮ್, ರಾಝಿಕ್ ಮತ್ತು ಉಳಿದಿಬ್ಬರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಕೂತಿದ್ದಾರೆ. ಕಿವಿಯಾರೆ ಕೇಳದೆ ಮುಷ್ಕರ ಹೂಡಬಾರದೆಂದು ಫ್ಲೋಯ್ಡ್ ಅವರನ್ನು ಕಳುಹಿಸಿದ್ದ. ಶೆಟ್ಟರಿಗೆ ಅದೇನು ಗೊತ್ತು? ತಮ್ಮ ಭಾಷಣ ಕೇಳಲು ಕೆಲಸ ಬಿಟ್ಟು ಬಂದಿದ್ದಾರಲ್ಲ ಎಂದು ಅವರು ಹಿಗ್ಗಿದರು. ಇಡೀ ಭಾಷಣವನ್ನು ಆ ನಾಲ್ವರ ಮುಖ ನೋಡಿಯೇ ಮಾಡಲು ನಿಶ್ಚಯಿಸಿದರು.

“ಇಪ್ಪತ್ತೇಳು ವರ್ಷದಿಂದ ಹೋಟೆಲು ನಡೆಸುತ್ತಿದ್ದೇನೆ,” ಎಂದು ಜೆರೋಮರ ಕಣ್ಣಲ್ಲಿ ಕಣ್ಣಿಟ್ಟು ಹೇಳಿದರು. “ಆದ್ದರಿಂದ ಸರ್ವರ್ ಎಂದರೆ ಎಂತ ಎಂದು ನನಗೆ ಯಾರೂ ಕಲಿಸಬೇಕಾಗಿಲ್ಲ. ಎಲ್ಲ ತೊಂದರೆಯ ಮೂಲ ಅದೇ. ನಾವೆಲ್ಲ ಅದರ ಮುಂದೆ ಬಾಯಿ ತೆರೆದು ಕೂರುವುದು, ಅದು ತನಗೆ ಮನಸ್ಸು ಬಂದಾಗ ತರುವುದು. ಇನ್ನು ಸಾಕು. ನಮಗೆ ನಾವೇ ಕೊಟ್ಟುಕೊಳ್ಳೋಣ. ಸರ್ವರ್ ಬೇಡ.”

ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನ ನಾಲ್ಕಾರು ಮಂದಿ ‘ಸರ್ವರ್ ಬೇಡ, ಸರ್ವರ್ ಬೇಡ’ ಎಂದು ಬೆಂಚು ಬಡಿದರು. ಆ ಗದ್ದಲದ ನಡುವೆ ಜೆರೋಮ್ ಎದ್ದರು. ಅವರ ಹಿಂದೆ ಉಳಿದ ಮೂವರೂ ಎದ್ದು, ತಲೆ ಎತ್ತಿಕೊಂಡು, ಸಾಲಾಗಿ ಹೊರಗೆ ನಡೆದರು.

“ಊಟದ ತಯಾರಿಗೆ ಹೋದರು,” ಎಂದು ಶೆಟ್ಟರು ಹಾಶಿಂ ಮೇಷ್ಟ್ರ ಕಿವಿಯಲ್ಲಿ ಹೆಮ್ಮೆಯಿಂದ ಹೇಳಿದರು.

ಹನ್ನೆರಡೂವರೆಗೆ ಎರಡು ಬಸ್ಸುಗಳಲ್ಲಿ ಅರುವತ್ತು ವಿದ್ಯಾರ್ಥಿಗಳೊಂದಿಗೆ ಶೆಟ್ಟರು ಹೋಟೆಲಿಗೆ ಬಂದಿಳಿದರು. ಶಾಲು, ಹಾರ ಎರಡೂ ಹಾಗೆಯೇ ಇದ್ದವು. ಅವನ್ನು ನೋಡದವರು ಇನ್ನೂ ಊರಿನಲ್ಲಿ ಬಹಳ ಮಂದಿ ಇದ್ದರು. ಒಳಗೆ ದಿನದ ಗಿರಾಕಿಗಳು, ಲಾರಿಯವರು, ಬಂದರಿನ ಕೆಲಸದವರು ಆಗಲೇ ಕೂತು ಮೇಜು ಬಡಿಯುತ್ತಿದ್ದರು. ಅಡುಗೆಮನೆಯ ಕಿಂಡಿಯಲ್ಲಿ ಕುಚ್ಚಲಕ್ಕಿ ಅನ್ನ, ಗಸಿ, ಪಲ್ಯ, ಸಾರು, ಪಾಯಸ ಪಾತ್ರೆ ತುಂಬಾ ಹಬೆಯಾಡುತ್ತಿದ್ದವು. ಕಾವಲಿಯ ಮೇಲೆ ಬಂಗುಡೆ ಚುಂಯ್‌ಗುಡುತ್ತಿತ್ತು. ಬಡಿಸುವವರು ಮಾತ್ರ ಒಬ್ಬರೂ ಇರಲಿಲ್ಲ.

ನಾಲ್ವರು ಸರ್ವರುಗಳೂ ರಸ್ತೆಯ ಆಚೆ ಬದಿಯಲ್ಲಿ ನಿಂತಿದ್ದರು. ಹಳೆಯ ಫ್ಲೆಕ್ಸ್ ಒಂದರ ಹಿಂಬದಿಗೆ ಫ್ಲೋಯ್ಡ್ ಕೆಂಪು ಬಣ್ಣದಲ್ಲಿ ಬರೆದಿದ್ದ: ‘ನಾವು ಅದಲ್ಲ, ಅವರು.’ ಹೆದ್ದಾರಿಯಲ್ಲಿ ಹೋಗುವವರಿಗೆ ಏನೂ ಅರ್ಥವಾಗದಿದ್ದರೂ ಕೆಲವರು ಹಾರ್ನ್ ಹಾಕಿ ಬೆಂಬಲ ಸೂಚಿಸಿದರು.

ಇದೇ ಹೊತ್ತಿಗೆ ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರ್ ಅಶ್ವಿತ್ ರೈ ಜೀಪಿನಿಂದ ಇಳಿದರು. ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಇದು ಅವರ ಮೊದಲ ಸ್ವತಂತ್ರ ತನಿಖೆ. ಕಂಕುಳಲ್ಲಿ ಹೊಸ ಫೈಲು ಇತ್ತು, ಹೊಟ್ಟೆಯಲ್ಲಿ ಬೆಳಗಿನ ಒಂದು ಇಡ್ಲಿ ಬಿಟ್ಟು ಬೇರೇನೂ ಇರಲಿಲ್ಲ.

“ಮಾಲೀಕರು ಯಾರು?”

“ನಾನೇ. ಮುಖ್ಯ ಅತಿಥಿ ಕೂಡ,” ಎಂದರು ಶೆಟ್ಟರು. “ನೀವು ಕೂತ್ಕೊಳ್ಳಿ ಸಾರ್, ಸ್ವಲ್ಪ ಗಡಿಬಿಡಿಯಲ್ಲಿದ್ದೇನೆ. ನನ್ನ ಸರ್ವರ್‌ಗಳು ಯಾಕೋ ರಸ್ತೆ ಆಚೆ ಗಾಳಿ ತಗೊಳ್ತಾ ಇದ್ದಾರೆ.”

ತನಿಖಾಧಿಕಾರಿಯು ಸ್ಥಳದ ಸೂಕ್ಷ್ಮ ಅವಲೋಕನ ಮಾಡಬೇಕೆಂದು ನಿಯಮವಿದೆ. ಅಶ್ವಿತ್ ರೈ ಕಿಂಡಿಗೆ ಹತ್ತಿರವಾದ ಆರನೇ ಮೇಜಿನಲ್ಲಿ ಕೂತು ಅವಲೋಕಿಸತೊಡಗಿದರು.

ಶೆಟ್ಟರು ಜೆರೋಮರನ್ನು ಕರೆಯಲು ರಸ್ತೆ ದಾಟಲು ಮೂರು ಸಲ ಪ್ರಯತ್ನಿಸಿದರು. ಮೂರು ಸಲವೂ ಟ್ಯಾಂಕರುಗಳ ಸಾಲು ಅಡ್ಡ ಬಂತು. ಒಳಗಿನ ಗಲಾಟೆ ಏರಿತು. ಅಡುಗೆಯವರು, ತಾವು ಬೇಯಿಸುವವರೇ ಹೊರತು ಬಡಿಸುವವರಲ್ಲ ಎಂದು ಸೌಟು ಸಮೇತ ಕೈ ಕಟ್ಟಿಕೊಂಡು ನಿಂತರು. ಆಗ ಕಾರ್ಯಾಗಾರದಿಂದ ಜೊತೆಗೇ ಬಂದಿದ್ದ ಸಂಚಿತಾ ಒಂದು ಸ್ಟೂಲಿನ ಮೇಲೆ ಹತ್ತಿದಳು.

“ಎಲ್ಲರೂ ಕೇಳಿ. ಬೆಳಿಗ್ಗೆ ಸರ್ವರ್ ಬೇಡ ಅಂತ ಚಪ್ಪಾಳೆ ಹೊಡೆದ್ರಲ್ಲ, ಈಗ ಮಾಡಿ ತೋರ್ಸಿ. ಒಬ್ಬರೇ ಎಲ್ಲರಿಗೂ ಬಡಿಸ್ಲಿಕ್ಕೆ ಹೋದ್ರೆ ಸಂಜೆ ಆಗ್ತದೆ. ಊಟವನ್ನು ತುಂಡು ಮಾಡುವ. ಒಂದನೇ ಮೇಜು ಅನ್ನದ ಪಾತ್ರೆ ತಗೊಳ್ಳಿ, ಎರಡನೇದು ಗಸಿ, ಮೂರನೇದು ಪಲ್ಯ. ನಿಮಗೆ ಬೇಕಾದಷ್ಟು ಹಾಕಿ, ಪಾತ್ರೆಯನ್ನು ಇಲ್ಲದವರಿಗೆ ದಾಟಿಸಿ. ನಿಮಗೆ ಇಲ್ಲದ್ದನ್ನು ಇದ್ದವರ ಹತ್ತಿರ ಕೇಳಿ.”

ಪಾತ್ರೆಗಳು ಹೊರಟವು. ಯಾವ ಪಾತ್ರೆ ಎಲ್ಲಿದೆಯೆಂದು ತಿಳಿಯಲು, ಗಲಾಟೆ ಕೇಳಿ ಬಂದಿದ್ದ ಮೂಸಬ್ಬರನ್ನು ಗಲ್ಲಾದ ಎತ್ತರದ ಕುರ್ಚಿಯಲ್ಲಿ ಕೂರಿಸಲಾಯಿತು. “ಗಸಿ ನಾಲ್ಕರಲ್ಲಿ, ಪಲ್ಯ ಏಳರಲ್ಲಿ, ಬಂಗುಡೆ ಆ ಕನ್ನಡಕದವರ ಹತ್ತಿರ,” ಎಂದು ಅವರು ಹರಾಜು ಕಟ್ಟೆಯ ಧ್ವನಿಯಲ್ಲಿ ಕೂಗಿದರು. ಹತ್ತು ನಿಮಿಷ ಎಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಡೆಯಿತು. ಅಷ್ಟರಲ್ಲಿ ಸೌದಿಯ ದಮ್ಮಾಮಿನಿಂದ ಮೂಸಬ್ಬರ ಮಗ ಇಮ್ತಿಯಾಝನ ಫೋನು ಬಂತು. ಮೂಸಬ್ಬ ಕುರ್ಚಿ ಇಳಿದು, ಒಂದು ಕಿವಿ ಮುಚ್ಚಿಕೊಂಡು ಹಿತ್ತಿಲಿಗೆ ಹೋದರು.

ಪಟ್ಟಿ ಹೋಯಿತು. ಇನ್ನು ಪಕ್ಕದವರನ್ನು ಕೇಳುವುದೊಂದೇ ದಾರಿ. ಹತ್ತನೇ ಮೇಜಿನ ಲಾರಿ ಡ್ರೈವರ್ ‘ಸಾರು ಎಲ್ಲುಂಟು?’ ಎಂದು ಒಂಬತ್ತಕ್ಕೆ ಕೇಳಿದ. ಒಂಬತ್ತು ಎಂಟಕ್ಕೆ ಕೇಳಿತು. ಪ್ರಶ್ನೆ ಇಡೀ ಹೋಟೆಲು ಸುತ್ತಿ, ಬಾಗಿಲ ಬಳಿ ನಿಂತ ಭಿಕ್ಷುಕನನ್ನೂ ಮುಟ್ಟಿ, ಐದು ನಿಮಿಷದ ಬಳಿಕ ಹತ್ತನೇ ಮೇಜಿಗೇ ಬಂದು, “ಅಣ್ಣ, ಸಾರು ಎಲ್ಲುಂಟು?” ಎಂದು ಅದೇ ಡ್ರೈವರನನ್ನು ಕೇಳಿತು.

“ಅದನ್ನೇ ನಾನು ಕೇಳಿದ್ದು ಮಾರಾಯ,” ಎಂದ ಅವನು.

“ಇದು ಎರಡನೇ ತಲೆಮಾರಿನ ಸಮಸ್ಯೆ,” ಎಂದು ಹಾಶಿಂ ಮೇಷ್ಟ್ರು ಖುಷಿಯಿಂದ ವಿದ್ಯಾರ್ಥಿಗಳಿಗೆ ತೋರಿಸಿದರು. ವಿದ್ಯಾರ್ಥಿಗಳು ಅದನ್ನು ಟಿಪ್ಪಣಿ ಮಾಡಿಕೊಂಡರು. ಕಾರ್ಯಾಗಾರಕ್ಕೆಂದು ಅವರು ಬರೆದುಕೊಂಡ ಮೊದಲ ವಾಕ್ಯ ಅದೇ.

ಸಂಚಿತಾ ಮತ್ತೆ ಸ್ಟೂಲು ಹತ್ತಿದಳು. ಪಟ್ಟಿಯನ್ನು ಒಬ್ಬರ ತಲೆಯಲ್ಲಿ ಇಡುವುದು ಬೇಡ ಎಂದಳು. ಅನ್ನ ಎಲ್ಲಿದೆಯೆಂದು ಒಂದನೇ ಮೇಜು ನೆನಪಿಡಲಿ, ಗಸಿಯದ್ದು ಎರಡನೇ ಮೇಜು, ಸಾರಿನದ್ದು ನಾಲ್ಕನೇ ಮೇಜು. ಪಾತ್ರೆ ಎಲ್ಲಿಗೇ ಹೋಗಲಿ, ಇಟ್ಟುಕೊಂಡವರು ಆ ಮೇಜಿಗೆ ಒಂದು ಮಾತು ಹೇಳಲಿ, ಬೇಕಾದವರು ಆ ಮೇಜನ್ನೇ ಕೇಳಲಿ. ಎರಡು ನಿಮಿಷದಲ್ಲಿ ಸಾರು ಸಿಕ್ಕಿತು. ಸಾರಿನ ಹಿಂದೆ ಪಲ್ಯ, ಪಲ್ಯದ ಹಿಂದೆ ಉಪ್ಪಿನಕಾಯಿ ಹರಿದಾಡಿದವು. ಬಂದರಿನವನೊಬ್ಬ ಪರಿಚಯವೇ ಇಲ್ಲದ ಹುಡುಗಿಯ ತಟ್ಟೆಗೆ ಗಸಿ ಹಾಕಿ ‘ಸಾಕಾ ಮಗಳೇ?’ ಎಂದ. ಅವಳು ಅವನಿಗೆ ಅನ್ನ ಹಾಕಿದಳು.

“ಪಪ್ಪ, ಒಂದೇ ವ್ಯತ್ಯಾಸ,” ಎಂದು ಸಂಚಿತಾ ಏದುಸಿರು ಬಿಡುತ್ತ ಹೇಳಿದಳು. “ಫೈಲು ಆದ್ರೆ ಕೊಟ್ಟ ಮೇಲೂ ನಮ್ಮ ಹತ್ತಿರ ಉಳೀತದೆ. ಬಂಗುಡೆ ಉಳಿಯುದಿಲ್ಲ.”

ಬಂಗುಡೆ ನಿಜವಾಗಿಯೂ ಉಳಿಯುತ್ತಿರಲಿಲ್ಲ. ಆರನೇ ಮೇಜಿಗೆ ಹೋದ ತಟ್ಟೆಗಳು ಅಲ್ಲಿಂದ ಮುಂದೆ ಬರುತ್ತಲೇ ಇರಲಿಲ್ಲ. ಹತ್ತನೇ ಮೇಜಿನ ಡ್ರೈವರ್ ಹೋಗಿ ನೋಡಿದರೆ ಅಶ್ವಿತ್ ರೈ ಅವಲೋಕನದಲ್ಲಿ ನಾಲ್ಕನೇ ಮೀನಿಗೆ ತಲುಪಿದ್ದರು.

“ಸಾರ್, ಇಲ್ಲಿ ಕೊಡದವರಿಗೆ ಸಿಕ್ಕುದಿಲ್ಲ. ಅದು ರೂಲ್ಸ್.”

“ನಾನು ತನಿಖೆಗೆ ಬಂದವನು.”

“ತನಿಖೆಗೆ ಬಂದವರಿಗೂ ಕೈ ಉಂಟಲ್ಲ. ಆ ಉಪ್ಪಿನಕಾಯಿ ಈ ಕಡೆ ದಾಟಿಸಿ.”

ಐದನೇ ಮೇಜು, ಏಳನೇ ಮೇಜು ಒಟ್ಟಾಗಿ ಆರನೆಯದಕ್ಕೆ ಬಂಗುಡೆ ನಿಲ್ಲಿಸಿದವು. ಸರಕಾರ ಒಂದೂವರೆ ನಿಮಿಷ ತಡೆದುಕೊಂಡಿತು. ಬಳಿಕ ಫೈಲನ್ನು ಕೆಳಗಿಟ್ಟು, ಅಂಗಿಯ ತೋಳು ಮಡಚಿ, ಉಪ್ಪಿನಕಾಯಿ ದಾಟಿಸಿತು.

ರಸ್ತೆಯಾಚೆಯಿಂದ ಜೆರೋಮ್ ಇದನ್ನೆಲ್ಲ ನೋಡುತ್ತಿದ್ದರು. ಮೊದಲು ಕೋಪವಿತ್ತು. ಬಳಿಕ ಆ ಕೋಪಕ್ಕಿಂತ ದೊಡ್ಡದಾದ ಒಂದು ಸಂಕಟ ಶುರುವಾಯಿತು. ಯಾರೋ ಗಸಿಯನ್ನು ಅನ್ನಕ್ಕಿಂತ ಮೊದಲು ಹಾಕಿದರು. ಯಾರೋ ಸೌಟನ್ನು ಪಾತ್ರೆಯೊಳಗೇ ಮುಳುಗಲು ಬಿಟ್ಟರು. ಕೊನೆಗೆ ಒಬ್ಬ ವಿದ್ಯಾರ್ಥಿ ಮೀನುಸಾರು ಇದ್ದ ತಟ್ಟೆಗೇ ಪಾಯಸ ಸುರಿದುಕೊಳ್ಳುವುದು ಕಾಣಿಸಿತು. ಅಷ್ಟು ಸಾಕಾಯಿತು. ಜೆರೋಮ್ ಕೈ ಅಡ್ಡ ಹಿಡಿದು ಟ್ಯಾಂಕರನ್ನೇ ನಿಲ್ಲಿಸಿ ರಸ್ತೆ ದಾಟಿದರು. ಫ್ಲೆಕ್ಸ್ ಸಮೇತ ಫ್ಲೋಯ್ಡ್ ಮತ್ತು ಉಳಿದವರೂ ಹಿಂದೆ ಬಂದರು.

“ನನ್ನನ್ನು ಗುಜರಿಗೆ ಹಾಕಿ, ತೊಂದರೆ ಇಲ್ಲ,” ಎಂದು ಬಾಗಿಲಲ್ಲೇ ಹೇಳಿದರು. “ಆದ್ರೆ ಪಾಯಸ ಬೇರೆ ಬಟ್ಟಲಿಗೆ ಹಾಕಿ.”

“ಗುಜರಿಗಾ?” ಎಂದರು ಶೆಟ್ಟರು. “ನಿಮ್ಮನ್ನಾ?”

ಉಪ್ಪಿನಕಾಯಿಯ ಕೈಯನ್ನು ಒರೆಸಿಕೊಂಡು ಅಶ್ವಿತ್ ರೈ ಫೈಲು ತೆರೆದರು. “‘ಹಳತಾದರೆ ಗುಜರಿಗೆ, ತೂಕಕ್ಕೆ’ ಅಂತ ಹೇಳಿದ್ದೀರಾ?”

“ಹೇಳಿದ್ದೇನೆ.”

“‘ಬಿದ್ದರೆ ಎಬ್ಬಿಸಲು ನಾಲ್ಕು ಜನ ಬೇಕು’?”

“ಹೌದು.”

“‘ತಲೆ ಬಿಸಿಯಾಗುತ್ತದೆ, ಏಸಿ ಬೇಕು’?”

“ಅದಂತೂ ಬೇಕೇ ಬೇಕು. ಇಲ್ಲದಿದ್ರೆ ಪೆಟ್ಟಿಗೆ ಸುಟ್ಟುಹೋಗ್ತದೆ.”

“ಯಾವ ಪೆಟ್ಟಿಗೆ?”

“ಸರ್ವರ್. ಕಂಪ್ಯೂಟರ್ ಸರ್ವರ್. ಕಪ್ಪು ಪೆಟ್ಟಿಗೆ ಮಾರಾಯ್ರೆ, ದೀಪ ಮಿನುಗ್ತದೆ.”

ಹೋಟೆಲಿನಲ್ಲಿ ಪಾತ್ರೆಗಳು ಕೂಡ ಒಂದು ಕ್ಷಣ ನಿಂತವು. ಸಂಚಿತಾ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದು ಜೆರೋಮರ ಮುಂದೆ ಹಿಡಿದಳು. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

“ಇದು ಬಡಿಸ್ತದಾ?”

“ಇಲ್ಲ ಅಂಕಲ್.”

“ಮತ್ತೆ ಇದಕ್ಕೆ ಸರ್ವರ್ ಅಂತ ಯಾಕೆ ಹೆಸರಿಟ್ಟದ್ದು?”

ಎಲ್ಲರೂ ಮುಖ್ಯ ಅತಿಥಿಯ ಕಡೆ ತಿರುಗಿದರು. ಶೆಟ್ಟರು ಹಾರ ಸರಿಪಡಿಸಿದರು. ಜೆರೋಮರ ಕಣ್ಣಿನಲ್ಲಿ ನೀರಾಡುತ್ತಿದ್ದುದು ಆಗ ಅವರಿಗೆ ಕಾಣಿಸಿತು.

“ನನಗೆ ಗೊತ್ತಿಲ್ಲ, ಜೆರೋಮ್,” ಎಂದರು ಮೆಲ್ಲಗೆ. “ಅದರ ಬಗ್ಗೆ ನನಗೆ ಎಂತ ಸಹ ಗೊತ್ತಿಲ್ಲ. ಸುಮ್ಮನೆ ಒಪ್ಪಿಕೊಂಡೆ.”

ಹಿತ್ತಿಲಿನಿಂದ ಆಗಷ್ಟೇ ಬಂದ ಮೂಸಬ್ಬರ ಕೈಯಿಂದ ಫೋನು ಜಾರಿತು. ಫ್ಲೋಯ್ಡ್‌ನ ಹೋರಾಟ ಅಲ್ಲಿಗೆ ಮುಗಿದುಹೋಯಿತು. ಅವನ ಮುಖ ಬಾಡಿತು. ಪಾಪ ಕಂಡು ಯಾರೋ ಒಂದು ತಟ್ಟೆ ಕೊಟ್ಟರು.

ಜೆರೋಮ್ ಅಂಗಿಯ ತೋಳು ಮಡಚಿದರು. “ಆಯ್ತು. ಇನ್ನು ಎಲ್ಲರೂ ಸುಮ್ಮನೆ ಕೂತ್ಕೊಳ್ಳಿ. ನಾವು ಬಡಿಸ್ತೇವೆ.”

ಯಾರೂ ಕೂರಲಿಲ್ಲ. ಪಾತ್ರೆಗಳು ಮತ್ತೆ ಹೊರಟಿದ್ದವು. ಒಂದನೇ ಮೇಜಿಗೆ ಹೇಳಿದರೆ, ಮೂರು ನಿಲ್ಲಿಸಿದರೆ ನಾವು ನಿಲ್ಲಿಸುತ್ತೇವೆ ಎಂದಿತು. ಮೂರನೆಯದು ಎಂಟನ್ನು ತೋರಿಸಿತು. ಎಂಟನೆಯದು, ಹತ್ತಕ್ಕೆ ಇನ್ನೂ ಪಾಯಸ ಬಂದಿಲ್ಲ, ಕೊಡದೆ ನಿಲ್ಲಿಸುವುದು ನ್ಯಾಯವಲ್ಲ ಎಂದಿತು. ಶೆಟ್ಟರು ಮಾಲೀಕನ ಧ್ವನಿಯಲ್ಲಿ ‘ಸಾಕು’ ಎಂದು ಕೂಗಿದರು. ಯಾರೋ ಅವರ ಕೈಗೆ ಪಲ್ಯದ ಪಾತ್ರೆ ಕೊಟ್ಟು, “ಸ್ವಲ್ಪ ಐದಕ್ಕೆ ಕೊಡಿ,” ಎಂದರು.

“ನಿಲ್ಲಿಸ್ಲಿಕ್ಕೆ ಯಾರಿಗೆ ಹೇಳ್ಬೇಕು?” ಎಂದು ಅವರು ಹಾಶಿಂ ಮೇಷ್ಟ್ರನ್ನು ಕೇಳಿದರು.

“ಹಾಗೆ ಹೇಳ್ಲಿಕ್ಕೆ ಯಾರೂ ಇಲ್ಲ ಶೆಟ್ರೇ. ಅದೇ ಇದರ ವಿಶೇಷ,” ಎಂದರು ಮೇಷ್ಟ್ರು, ಬಾಯಲ್ಲಿ ಬಂಗುಡೆ ಇಟ್ಟುಕೊಂಡು.

ಈ ತಳ್ಳಾಟದಲ್ಲಿ ಸಾರಿನ ಪಾತ್ರೆಗೆ ದಾರಿ ಬಿಡಲು ಹೋಗಿ ಜೆರೋಮ್ ಒಂದು ಖಾಲಿ ಕುರ್ಚಿಯಲ್ಲಿ ಕೂತುಬಿಟ್ಟರು. ಇಪ್ಪತ್ತೇಳು ವರ್ಷದಲ್ಲಿ ಆ ಹೋಟೆಲಿನ ಕುರ್ಚಿಯಲ್ಲಿ ಅವರು ಕೂತದ್ದು ಅದೇ ಮೊದಲು. ಏಳುವಷ್ಟರಲ್ಲಿ ಮುಂದೆ ಒಂದು ತಟ್ಟೆ ಬಂತು. ಎಡದಿಂದ ಗಸಿ ಬಂತು, ಬಲದಿಂದ ಪಲ್ಯ, ಎಲ್ಲಿಂದಲೋ ಒಂದು ಇಡೀ ಬಂಗುಡೆ. ಯಾರು ಕೊಟ್ಟರೆಂದು ತಿಳಿಯಲು ತಿರುಗಿ ನೋಡಿದರು. ಎಲ್ಲರೂ ಕೊಟ್ಟ ಹಾಗೆಯೇ ಕಾಣುತ್ತಿದ್ದರು.

ಅವರು ಉಣ್ಣತೊಡಗಿದರು. ಎರಡು ತುತ್ತು ಆಗಿತ್ತಷ್ಟೇ, ಮೂಲೆಯ ಮೇಜಿನಿಂದ “ಒಂದು ಅನ್ನ” ಎಂಬ ಕೂಗು ಕೇಳಿಸಿತು. ಜೆರೋಮರ ಕಾಲು ತಾನಾಗಿ ಎದ್ದು ನಿಂತಿತು. ಭುಜದ ಮೇಲೊಂದು ಕೈ ಬಿತ್ತು.

“ನೀವು ಕೂತ್ಕೊಳ್ಳಿ ಪೊರ್ಬುಗಳೇ,” ಎಂದರು ಶೆಟ್ಟರು. ಜರಿಯ ಶಾಲನ್ನು ಸೊಂಟಕ್ಕೆ ಬಿಗಿದು, ಅನ್ನದ ಪಾತ್ರೆ ಎತ್ತಿಕೊಂಡು ಹೊರಟರು. ಪಾತ್ರೆ ಬಿಸಿಯಿತ್ತು. ಎರಡು ಸಲ ಕೈ ಬದಲಾಯಿಸಿ, ಒಂದು ಕುರ್ಚಿಗೆ ಎಡವಿ, ಅಂತೂ ಮೂಲೆಯ ಮೇಜು ತಲುಪಿ ಸೌಟು ಎತ್ತಿದರು.

“ಶೆಟ್ರೇ,” ಎಂದು ಹಿಂದಿನಿಂದ ಜೆರೋಮರ ಧ್ವನಿ ಕೇಳಿಸಿತು, ತುಂಬಿದ ಬಾಯಿಂದ. “ಆ ಬದಿಯಿಂದ ಅಲ್ಲ.”